ವ್ರತ ನಾಲಿಗೆಯದು, ಅಂಗಡಿಯದಲ್ಲ

ಪುಣೆಯ ಹೊರವಲಯದ ಒಂದು ವಸತಿ ಸಂಕೀರ್ಣ. ಮೇ 1ರ ಮಹಾರಾಷ್ಟ್ರ ದಿನದ ರಜೆಗೆ ಅಲ್ಲಿನ ನಿವಾಸಿಗಳ ಸಂಘವು ಮೈದಾನದಲ್ಲಿ ದೇಶವಿದೇಶಗಳ ಬೀದಿ ತಿನಿಸುಗಳ ಮೇಳವನ್ನು ಏರ್ಪಡಿಸಿದೆ. ಸಂಜೆ ಆರರ ಹೊತ್ತಿಗೆ ಬೆಳಗಾವಿ ಕಡೆಯಿಂದ ಬಂದು ನೆಲೆಸಿದ ಒಂದು ಜೈನ ಕುಟುಂಬ ಮೆಟ್ಟಿಲಿಳಿದು ಬರುತ್ತದೆ: ಅಜ್ಜಿ, ಮಗ, ಸೊಸೆ, ಹತ್ತು ವರ್ಷದ ಮೊಮ್ಮಗ. ಇವರ ಹೆಸರು ಮುಖ್ಯವಲ್ಲ. ಮುಂಬಯಿ, ಹೈದರಾಬಾದು, ಚೆನ್ನೈ, ದೆಹಲಿ, ಹೀಗೆ ಕನ್ನಡ ಶ್ರಾವಕರು ನೆಲೆಸಿದ ಯಾವ ನಗರದಲ್ಲಾದರೂ ಇಂತಹ ಕುಟುಂಬವೊಂದು ಸಿಕ್ಕೀತು.

ಮೊದಲ ಅಂಗಡಿಯ ಮುಂದೆಯೇ ಹುಡುಗ ನಿಂತುಬಿಡುತ್ತಾನೆ. ಎರಕದ ಕಾವಲಿ, ಅದರಲ್ಲಿ ಸಾಲುಸಾಲು ಗುಳಿಗಳು. ಆ ಗುಳಿಗಳಿಗೆ ಹಿಟ್ಟು ಹೊಯ್ದು ಕಡ್ಡಿಯಿಂದ ತಿರುವಿಹಾಕುತ್ತಿರುವ ಈಶಾನ್ಯ ರಾಜ್ಯದ ಒಬ್ಬ ಯುವತಿ. “ಅಜ್ಜಿ, ಪಡ್ಡು!” ಎನ್ನುತ್ತಾನೆ ಹುಡುಗ. ಫಲಕದ ಮೇಲೆ ‘ತಕೊಯಾಕಿ’ ಎಂದಿದೆ. “ಬೇಡ ನಡಿ, ಅದೆಲ್ಲ ಫಾರಿನ್ನಿನದು” ಎಂದು ತಂದೆ ಅವನ ಕೈ ಹಿಡಿದು ಎಳೆಯುತ್ತಾನೆ. ಅಜ್ಜಿ ಮಾತ್ರ ಅಂಗಡಿಯ ಹತ್ತಿರ ಹೋಗಿ, ತನಗೆ ಬರುವ ಮರಾಠಿ ಬೆರೆತ ಹಿಂದಿಯಲ್ಲಿ, ಇದರಲ್ಲಿ ಏನೇನು ಹಾಕಿದ್ದೀಯ ಮಗಳೇ ಎಂದು ಕೇಳುತ್ತಾಳೆ.

ಯುವತಿ ಆಕೆಯ ಮುಖವನ್ನೊಮ್ಮೆ ನೋಡಿ ಉತ್ತರಿಸುತ್ತಾಳೆ: “ಇದು ನಿಮಗೆ ಆಗುವುದಿಲ್ಲ ಅಜ್ಜಿ. ಒಳಗೆ ಆಕ್ಟೋಪಸ್ ತುಂಡಿದೆ, ಹಿಟ್ಟಿನಲ್ಲಿ ಮೊಟ್ಟೆ ಇದೆ, ಮೀನಿನ ಸಾರಿದೆ. ಆ ಕೆಂಪು ಬಣ್ಣದ ಅಕ್ಕಿಯ ತಿನಿಸೂ ಬೇಡ, ಅದರ ಸಾರಿಗೂ ಒಣಮೀನು ಹಾಕಿದ್ದೇನೆ. ಆ ಕೊನೆಯ ಅಂಗಡಿಯಲ್ಲಿ ಮಾವಿನಹಣ್ಣಿನ ಅನ್ನ ಮಾಡುತ್ತಿದ್ದಾರೆ. ಅಕ್ಕಿ, ತೆಂಗಿನಹಾಲು, ಸಕ್ಕರೆ. ಆದರೂ ಒಮ್ಮೆ ಕೇಳಿಕೊಂಡು ತಿನ್ನಿ.”

ಕುಟುಂಬ ಕೊನೆಯ ಅಂಗಡಿಗೆ ಹೋಗಿ ಮತ್ತೊಮ್ಮೆ ಕೇಳುತ್ತದೆ. ಥಾಯ್ಲೆಂಡಿನ ರೀತಿಯಲ್ಲಿ ಅಂಟಕ್ಕಿಯನ್ನು ಹಬೆಯಲ್ಲಿ ಬೇಯಿಸಿ, ತೆಂಗಿನಹಾಲಿನಲ್ಲಿ ನೆನೆಸಿ, ಮಾವಿನ ಹೋಳುಗಳೊಡನೆ ಕೊಟ್ಟದ್ದನ್ನು ಸೂರ್ಯ ಮುಳುಗುವ ಮೊದಲೇ ತಿಂದು ಮುಗಿಸುತ್ತದೆ. ಪಾಯಸದ ಅಣ್ಣನೋ ತಮ್ಮನೋ ಇರಬೇಕು ಎನ್ನುತ್ತಾಳೆ ಅಜ್ಜಿ.

ಎರಡು ವಾರಗಳ ಬಳಿಕ ಅದೇ ಸಂಕೀರ್ಣದ ನಿವಾಸಿಗಳ ಮುಂದೆ ಒಂದು ಮನವಿ ಬರುತ್ತದೆ. ಮುಂದಿನ ವರ್ಷದಿಂದ ಮೇಳದಲ್ಲಿ ಶುದ್ಧ ಸಸ್ಯಾಹಾರದ ಅಂಗಡಿಗಳಿಗೆ ಮಾತ್ರ ಅವಕಾಶವಿರಬೇಕು ಎಂಬುದು ಅದರ ಸಾರ. ಮೊದಲ ಸಹಿಗಳು ಜೈನರವು. ತಂದೆಯ ಸಹಿಯನ್ನೂ ಕೇಳಲಾಗಿದೆ.

ಈ ಒಂದು ಸಹಿಯ ಸುತ್ತ ಸಮಾಜವು ಯೋಚಿಸಬೇಕಾದ ಹಲವು ಸಂಗತಿಗಳಿವೆ.

ಮೊದಲನೆಯದು ಆಹಾರದ ತಿಳಿವಳಿಕೆ. ತಂದೆಯ ನಿಷೇಧ, ಅಜ್ಜಿಯ ಪ್ರಶ್ನೆ ಇವೆರಡೂ ಕುಟುಂಬವನ್ನು ಒಂದೇ ಕಡೆ ತಲುಪಿಸುತ್ತಿದ್ದವು. ಹುಡುಗನಿಗೆ ತಕೊಯಾಕಿ ಸಿಗುತ್ತಿರಲಿಲ್ಲ. ಆದರೆ ಅವನು ಕಲಿಯುತ್ತಿದ್ದ ಪಾಠ ಬೇರೆಯಾಗುತ್ತಿತ್ತು. ‘ಫಾರಿನ್ನಿನದು’ ಎಂಬ ಮಾತಿನಿಂದ ಅವನು ಕಲಿಯುವುದು ಪರಕೀಯರ ಬಗೆಗಿನ ಅಂಜಿಕೆಯನ್ನು. ‘ಏನೇನು ಹಾಕಿದ್ದೀಯ’ ಎಂಬ ಮಾತಿನಿಂದ ಕಲಿಯುವುದು ವಿವೇಕವನ್ನು. ನಾಳೆ ಕಾಲೇಜಿಗೋ ಕೆಲಸಕ್ಕೋ ಮನೆಬಿಟ್ಟು ಹೊರಟಾಗ ಅವನ ಜೊತೆಗೆ ಹೋಗುವುದು ಈ ಎರಡನೆಯ ಪಾಠ. ಅಂಜಿಕೆ ಮೊದಲ ಗೆಳೆಯರ ಕೂಟದಲ್ಲೇ ಕರಗಿಹೋಗುತ್ತದೆ.

ಕಣ್ಣಿಗೆ ಪರಿಚಿತವಾದುದೆಲ್ಲ ಭಕ್ಷ್ಯವಲ್ಲ, ಅಪರಿಚಿತವಾದುದೆಲ್ಲ ಅಭಕ್ಷ್ಯವೂ ಅಲ್ಲ. ಜಪಾನಿನ ಒಸಾಕಾ ನಗರದಲ್ಲಿ 1930ರ ದಶಕದಲ್ಲಿ ರೂಪುಗೊಂಡ ತಕೊಯಾಕಿ ಪಡ್ಡಿನ ಕಾವಲಿಯನ್ನು ಹೋಲುವ ಕಾವಲಿಯಲ್ಲಿಯೇ ಬೇಯುತ್ತದೆ. ‘ಆಕ್ಟೋಪಸ್ ಬೇಡ’ ಎಂದು ಹೇಳಿದ ಮಾತ್ರಕ್ಕೆ ಅದು ಸಸ್ಯಾಹಾರವಾಗದು. ಹಿಟ್ಟಿನಲ್ಲಿ ಮೊಟ್ಟೆಯೂ ಮೀನಿನಿಂದ ತೆಗೆದ ಸಾರೂ ಇರುತ್ತವೆ. ಮೇಲೆ ಉದುರಿಸುವ ತೆಳುವಾದ ಪದರು ಒಣಗಿಸಿದ ಮೀನಿನದೇ. ಕೊರಿಯಾದ ಧಾರಾವಾಹಿಗಳನ್ನು ನೋಡುವ ಮಕ್ಕಳು ಇಂದು ಬಾಯಿಪಾಠ ಮಾಡಿಕೊಂಡಿರುವ ತೊಕ್ಬೊಕ್ಕಿ ಎಂಬುದು ಅಕ್ಕಿಹಿಟ್ಟಿನ ಕಡುಬಿನಂತಹ ತಿನಿಸು. ಆದರೆ ಸಾಮಾನ್ಯವಾಗಿ ಅದು ಬೇಯುವುದು ಒಣಮೀನು, ಕಡಲಪಾಚಿಗಳ ಸಾರಿನಲ್ಲಿ. ಕಿಮ್ಚಿ ಎಂದರೆ ಎಲೆಕೋಸಿನ ಉಪ್ಪಿನಕಾಯಿ ಎಂದಷ್ಟೇ ತಿಳಿದವರು ಅದರೊಳಗಿನ ಬೆಳ್ಳುಳ್ಳಿಯನ್ನೂ ಉಪ್ಪಿನಲ್ಲಿಟ್ಟ ಸಿಗಡಿಯನ್ನೂ ಕಾಣರು. ಮೆಕ್ಸಿಕೋದ ಹುರುಳಿಕಾಯಿ ಬೀಜದ ಪಲ್ಯಕ್ಕೆ ಸಾಂಪ್ರದಾಯಿಕವಾಗಿ ಹಂದಿಯ ಕೊಬ್ಬು ಸೇರುತ್ತದೆ. ಟರ್ಕಿಯ ಐಸ್‌ಕ್ರೀಮಿಗೆ ಆ ಜಿಗುಟುತನ ಬರುವುದು, ಸಂಪ್ರದಾಯದಂತೆ ಮಾಡಿದ್ದಾದರೆ, ಆರ್ಕಿಡ್ ಸಸ್ಯದ ಗಡ್ಡೆಯ ಪುಡಿಯಿಂದ. ಇವು ಯಾವುವೂ ಹೊರನೋಟಕ್ಕೆ ಗೋಚರಿಸುವುದಿಲ್ಲ.

ಇನ್ನು ‘ವಿದೇಶಿ’ ಎಂಬ ಮಾನದಂಡ. ಬೆಳಗಾವಿಯಿಂದ ಮೈಸೂರಿನವರೆಗೆ ಕನ್ನಡಿಗರ ಅಡುಗೆಮನೆಯನ್ನು ಈ ಮಾನದಂಡದಿಂದ ಜಾಲಾಡಿದರೆ ಅಲ್ಲಿ ಉಳಿಯುವುದು ಬಹಳ ಕಡಿಮೆ. ರಾಗಿಯ ತವರು ಪೂರ್ವ ಆಫ್ರಿಕಾದ ಎತ್ತರದ ಪ್ರದೇಶ. ಮೆಣಸಿನಕಾಯಿ, ಟೊಮೆಟೊ, ಮೆಕ್ಕೆಜೋಳ, ಶೇಂಗಾ, ಗೋಡಂಬಿ, ಸೀಬೆ, ಪಪ್ಪಾಯಿ ಇವೆಲ್ಲ ಅಮೆರಿಕ ಖಂಡಗಳವು. ಪೋರ್ಚುಗೀಸರು 1498ರಲ್ಲಿ ಕಲ್ಲಿಕೋಟೆಗೆ ಬಂದಿಳಿದ ನಂತರದ ಶತಮಾನಗಳಲ್ಲಿ ಈ ನೆಲಕ್ಕೆ ಬಂದವು. ಆಲೂಗಡ್ಡೆಯೂ ಹಾಗೆ ಬಂದುದೇ. ಯಾವ ಪ್ರಾಚೀನ ಆಚಾರ್ಯರೂ ಆಲೂಗಡ್ಡೆಯ ಹೆಸರು ಹೇಳಿ ನಿಷೇಧಿಸಿರಲು ಸಾಧ್ಯವಿಲ್ಲ, ಅವರು ಅದನ್ನು ಕಂಡೇ ಇರಲಿಲ್ಲ. ಆದರೂ ಶ್ರಾವಕರು ಅದನ್ನು ವರ್ಜಿಸುತ್ತಾರೆ. ಏಕೆಂದರೆ ಆಚಾರ್ಯರು ಬಿಟ್ಟುಹೋದದ್ದು ಹೆಸರುಗಳ ಪಟ್ಟಿಯನ್ನಷ್ಟೇ ಅಲ್ಲ, ಕಾರಣವನ್ನೂ. ಸಮಂತಭದ್ರಾಚಾರ್ಯರ ‘ರತ್ನಕರಂಡಕ ಶ್ರಾವಕಾಚಾರ’ವು ಮೂಲಂಗಿ, ಹಸಿಶುಂಠಿ, ಬೆಣ್ಣೆ ಮೊದಲಾದವನ್ನು ಬಿಡಬೇಕೆನ್ನುವಾಗ, ಅವುಗಳಿಂದ ದೊರೆಯುವ ಫಲ ಸ್ವಲ್ಪ, ಆಗುವ ಜೀವಘಾತ ಬಹಳ ಎಂಬ ಕಾರಣವನ್ನು ಜೊತೆಗೇ ಕೊಡುತ್ತದೆ. ಹೊಸ ಪದಾರ್ಥ ಎದುರಾದಾಗ ಅಳತೆಗೋಲಾಗಿ ಬರಬೇಕಾದದ್ದು ಆ ಕಾರಣ. ಅದು ಹುಟ್ಟಿದ ದೇಶ ಯಾವುದು ಎಂಬುದಕ್ಕೆ ಅಲ್ಲಿ ಸ್ಥಾನವಿಲ್ಲ.

ಈ ಅಳತೆಗೋಲನ್ನು ಪ್ರಾಮಾಣಿಕವಾಗಿ ಹಿಡಿದರೆ ಮನೆಯೊಳಗಿನ ಕೆಲವು ಸಮಾಧಾನಗಳೂ ಕದಡುತ್ತವೆ. ತೈವಾನಿನಲ್ಲಿ 1980ರ ದಶಕದಲ್ಲಿ ಹುಟ್ಟಿದ ಬಬಲ್ ಟೀಯ ತಳದಲ್ಲಿರುವ ಕಪ್ಪು ಗುಂಡುಗಳು ಮರಗೆಣಸಿನ ಪಿಷ್ಟದಿಂದ ಆದವು, ಹಾಗಾಗಿ ಅವು ಕಂದಮೂಲ ಎಂದು ಮಗುವಿನ ಕೈಯಿಂದ ಲೋಟ ಕಸಿದುಕೊಳ್ಳುವ ಮನೆಯಲ್ಲೇ ಸಾಬುದಾಣಿಯ ಖಿಚಡಿ ನಡೆಯುತ್ತಿರುತ್ತದೆ. ಭಾರತದ ಸಾಬುದಾಣಿಯೂ ಅದೇ ಮರಗೆಣಸಿನ ಪಿಷ್ಟ. ಒಂದನ್ನು ಬಿಟ್ಟು ಇನ್ನೊಂದನ್ನು ತಿನ್ನುವುದಕ್ಕೆ ರೂಢಿಯ ಹೊರತು ಕಾರಣವಿಲ್ಲ. ಎರಡನ್ನೂ ಬಿಡುವವರಿದ್ದಾರೆ, ಒಣಗಿ ಸಂಸ್ಕರಣೆಗೊಂಡದ್ದೆಂದು ಎರಡನ್ನೂ ಒಪ್ಪುವವರಿದ್ದಾರೆ. ಎರಡು ನಿಲುವುಗಳೂ ಸುಸಂಗತವೇ. ವಿದೇಶಿ ಲೋಟದಲ್ಲಿದ್ದರೆ ಪಾಪ, ಮನೆಯ ಬೋಗುಣಿಯಲ್ಲಿದ್ದರೆ ಫಲಾಹಾರ ಎಂಬ ನಿಲುವಿಗೆ ಆಧಾರವಿಲ್ಲ.

ಅಪರಿಚಿತ ಅಂಗಡಿಗಳ ಮುಂದೆ ಸ್ವಲ್ಪ ಹೊತ್ತು ನಿಂತು ಕೇಳಿದವರಿಗೆ ಅಚ್ಚರಿಯೊಂದು ಕಾದಿರುತ್ತದೆ. ಜಗತ್ತಿನಲ್ಲಿ ನಾಲಿಗೆಗೆ ಕಡಿವಾಣ ಹಾಕಿಕೊಂಡವರು ಜೈನರೊಬ್ಬರೇ ಅಲ್ಲ. ಥಾಯ್ಲೆಂಡಿನಲ್ಲಿ, ಮುಖ್ಯವಾಗಿ ಫುಕೆಟ್ಟಿನಲ್ಲಿ, ಚೀನೀ ಪಂಚಾಂಗದ ಒಂಬತ್ತನೆಯ ತಿಂಗಳಲ್ಲಿ ಒಂಬತ್ತು ದಿನ ನಡೆಯುವ ಹಬ್ಬದಲ್ಲಿ ಬೀದಿಯ ಅಂಗಡಿಗಳ ಮೇಲೆ ಕೆಂಪಕ್ಷರದ ಹಳದಿ ಬಾವುಟಗಳು ಏರುತ್ತವೆ. ಆ ಬಾವುಟವಿರುವ ಅಂಗಡಿಯಲ್ಲಿ ಮಾಂಸವಿಲ್ಲ, ಮೀನಿಲ್ಲ, ಈರುಳ್ಳಿ ಬೆಳ್ಳುಳ್ಳಿಗಳೂ ಇಲ್ಲ. ಜಪಾನಿನ ಬೌದ್ಧ ಮಠಗಳ ಅಡುಗೆಯಲ್ಲಿ ಮೀನಿನ ಸಾರಿನ ಬದಲಿಗೆ ಕಡಲಪಾಚಿ ಮತ್ತು ಒಣಅಣಬೆಯ ಸಾರು. ಅಲ್ಲಿಯೂ ಈರುಳ್ಳಿ ಬೆಳ್ಳುಳ್ಳಿ ವರ್ಗದ ಘಾಟಿನ ಸಸ್ಯಗಳು ನಿಷಿದ್ಧ. ಕೊರಿಯಾದ ಮಠಗಳಲ್ಲಿ ಬೆಳ್ಳುಳ್ಳಿಯೂ ಸಿಗಡಿಯೂ ಇಲ್ಲದ ಕಿಮ್ಚಿ ಮಾಡುತ್ತಾರೆ. ತೈವಾನಿನಲ್ಲಿ ಸಸ್ಯಾಹಾರವೆಂದು ಮಾರುವ ಪೊಟ್ಟಣಗಳ ಮೇಲೆ ಐದು ವರ್ಗಗಳಲ್ಲಿ ಯಾವುದೆಂದು ನಮೂದಿಸಬೇಕು: ಶುದ್ಧ ಸಸ್ಯಾಹಾರ, ಹಾಲುಳ್ಳದ್ದು, ಮೊಟ್ಟೆಯುಳ್ಳದ್ದು, ಹಾಲು ಮೊಟ್ಟೆ ಎರಡೂ ಉಳ್ಳದ್ದು, ಘಾಟಿನ ಐದು ಸಸ್ಯಗಳುಳ್ಳದ್ದು. ಈರುಳ್ಳಿ ಇದೆಯೇ ಎಂಬ ಪ್ರಶ್ನೆಗೆ ಒಂದು ಸರ್ಕಾರವೇ ಮುದ್ರಿತ ಉತ್ತರ ಕೊಡುವ ವ್ಯವಸ್ಥೆ ಅದು. ಜೈನರ ನಾಡಾದ ಭಾರತದಲ್ಲಿ ಅದು ಇಲ್ಲ.

ಇಥಿಯೋಪಿಯಾದ ಸಾಂಪ್ರದಾಯಿಕ ಕ್ರೈಸ್ತರು ವರ್ಷದಲ್ಲಿ ಸುಮಾರು 180 ದಿನ ಉಪವಾಸದ ನಿಯಮದಲ್ಲಿರುತ್ತಾರೆ. ಆ ದಿನಗಳಲ್ಲಿ ಮಾಂಸ, ಹಾಲು, ಮೊಟ್ಟೆ ಮುಟ್ಟುವುದಿಲ್ಲ. ರಾಗಿಗಿಂತಲೂ ಸಣ್ಣದಾದ ತೆಫ್ ಎಂಬ ಧಾನ್ಯದ ಹಿಟ್ಟನ್ನು ಹುಳಿಬರಿಸಿ ಹುಯ್ಯುವ ಅವರ ಇಂಜೆರಾ ಅಗಲವಾದ ಮೆತ್ತನೆಯ ದೋಸೆಯಂತಿರುತ್ತದೆ. ಈಜಿಪ್ಟಿನ ಕಾಪ್ಟಿಕ್ ಕ್ರೈಸ್ತರ ಉಪವಾಸದ ದಿನಗಳೂ ಇದಕ್ಕಿಂತ ಕಡಿಮೆಯಿಲ್ಲ. ಅಲ್ಲಿ ಅವರೆಯ ಜಾತಿಯ ಫಾವಾ ಕಾಳನ್ನು ನೆನೆಸಿ ರುಬ್ಬಿ ಕರಿಯುವ ವಡೆಯನ್ನು ಆ ದಿನಗಳಲ್ಲಿಯೂ ತಿನ್ನುತ್ತಾರೆ. ಕಡಲೆಯಿಂದ ಮಾಡಿದ ಅದರ ಸೋದರನೇ ಭಾರತದ ಮೇಳಗಳಲ್ಲಿ ಕಾಣುವ ಫಲಾಫೆಲ್.

ಇವೆಲ್ಲ ಜೈನ ಆಹಾರಗಳೆಂದು ಯಾರೂ ಭ್ರಮಿಸಬಾರದು. ಬೌದ್ಧ ಮಠಗಳ ಅಡುಗೆಯಲ್ಲಿ ಗಡ್ಡೆಗೆಣಸುಗಳು ಧಾರಾಳವಾಗಿವೆ. ಇಥಿಯೋಪಿಯಾದ ಪಲ್ಯಗಳಿಗೆ ಈರುಳ್ಳಿಯೇ ತಳಹದಿ. ಫಲಾಫೆಲ್ಲಿಗೆ ಬೆಳ್ಳುಳ್ಳಿ ಸಾಮಾನ್ಯ. ಆದರೂ ಆಹಾರವನ್ನು ಹಿಂಸೆ ಅಹಿಂಸೆಗಳ, ಸಂಯಮದ ಪ್ರಶ್ನೆಯಾಗಿ ಕಂಡ ಇತರ ಜನರು ಭೂಮಿಯ ಮೇಲೆ ಇದ್ದಾರೆಂಬುದನ್ನು ಹತ್ತು ವರ್ಷದ ಹುಡುಗನೊಬ್ಬ ಅರಿಯುವುದು ಸಣ್ಣ ವಿಷಯವಲ್ಲ. ತನ್ನ ಮನೆಯ ನಿಯಮ ಜಗತ್ತಿನಲ್ಲೆಲ್ಲ ಒಂಟಿಯಾದ ವಿಚಿತ್ರವೆಂದು ಭಾವಿಸುವ ಮಗು ಅದನ್ನು ಮುಚ್ಚಿಡುತ್ತದೆ; ಅದಕ್ಕೆ ಬಂಧುಗಳಿದ್ದಾರೆಂದು ತಿಳಿದ ಮಗು ಅದನ್ನು ಹೇಳಿಕೊಳ್ಳುತ್ತದೆ. ಅಡುಗೆಯ ಕುತೂಹಲವು ಕನ್ನಡ ಜೈನ ಪರಂಪರೆಗೆ ಹೊರತಾದುದೂ ಅಲ್ಲ. ‘ಸೂಪಶಾಸ್ತ್ರ’ ಎಂಬ ಅಡುಗೆಯ ಕಾವ್ಯವನ್ನು ಕನ್ನಡಕ್ಕೆ ಕೊಟ್ಟವನು 16ನೆಯ ಶತಮಾನದ ಜೈನ ಕವಿ ಮೂರನೆಯ ಮಂಗರಸ.

ಹಾಗಾದರೆ ಶ್ರಾವಕನು ಅಂಗಡಿಯ ಮುಂದೆ ಕೇಳಬೇಕಾದದ್ದೇನು? ಹಿಟ್ಟನ್ನು ಕಲಸಿದ್ದು ಯಾವುದರಿಂದ, ಮೊಟ್ಟೆ ಇದೆಯೇ. ಸಾರು ಮತ್ತು ಸಾಸುಗಳಿಗೆ ಆಧಾರವೇನು, ಮೀನಿನ ರಸವಿದೆಯೇ. ಕರಿಯುವ ಎಣ್ಣೆ ಯಾವುದು, ಅದೇ ಬಾಣಲೆಯಲ್ಲಿ ಬೇರೇನು ಕರಿದಿದ್ದಾರೆ. ಸಿಹಿಯಲ್ಲಿ ಜೇನು ಅಥವಾ ಜೆಲಟಿನ್ ಇದೆಯೇ. ಚೀಸನ್ನು ಹೆಪ್ಪುಗಟ್ಟಿಸಲು ಕರುವಿನ ಜಠರದಿಂದ ತೆಗೆದ ರೆನೆಟ್ ಬಳಸಿದ್ದಾರೆಯೇ, ಇಲ್ಲವೇ ಸೂಕ್ಷ್ಮಾಣುಗಳಿಂದ ಪಡೆದದ್ದನ್ನೇ. ಫಲಾಫೆಲ್ಲಿನ ಮೇಲೆ ಮೊಸರಿನ ಸಾಸು ಸುರಿದರೆ ದ್ವಿದಳದ ನಿಯಮವನ್ನು ಪಾಲಿಸುವ ಮನೆಯವರು ಅದನ್ನೂ ಗಮನಿಸಬೇಕಾಗುತ್ತದೆ. ಪೊಟ್ಟಣದ ಮೇಲಿನ ಹಸಿರು ಚುಕ್ಕೆಯೊಂದನ್ನೇ ನಂಬುವಂತಿಲ್ಲ. ಭಾರತದ ನಿಯಮದಲ್ಲಿ ಜೇನು ಮಾಂಸಾಹಾರದ ವ್ಯಾಖ್ಯೆಯಿಂದ ಹೊರಗಿದೆ, ಆದ್ದರಿಂದ ಜೇನುಳ್ಳ ತಿನಿಸಿಗೂ ಹಸಿರು ಚುಕ್ಕೆಯೇ. ಮದ್ಯ ಮಾಂಸ ಮಧುಗಳ ತ್ಯಾಗವನ್ನು ಮೂಲಗುಣವೆಂದು ಎಣಿಸುವವನಿಗೆ ಅದು ಸಾಲದು. ಇವೆಲ್ಲವನ್ನೂ ಕೇಳಲು ಎರಡು ನಿಮಿಷ ಸಾಕು. ಉತ್ತರ ತೃಪ್ತಿಕರವಾಗದಿದ್ದರೆ ನಗುಮುಖದಿಂದ ಮುಂದೆ ಹೋಗಬಹುದು. ಚೆನ್ನೈಯ ಬರ್ಮಾ ಬಜಾರಿನ ಸುತ್ತಮುತ್ತ, 1962ರ ಸೇನಾಡಳಿತದ ನಂತರ ಬರ್ಮಾದಿಂದ ಮರಳಿದ ತಮಿಳು ಕುಟುಂಬಗಳು ಬೆಳೆಸಿದ ‘ಅತ್ತೋ’ ಎಂಬ ನೂಡಲ್ಸಿನ ಅಂಗಡಿಗಳಿವೆ. ಹುರಿದ ಈರುಳ್ಳಿಯನ್ನೂ ಬೆಳ್ಳುಳ್ಳಿಯೆಣ್ಣೆಯನ್ನೂ ತೆಗೆದರೆ ಅತ್ತೋ ಎಂಬುದು ಉಳಿಯುವುದೇ ಇಲ್ಲ. ಅದನ್ನು ತಿನ್ನದೆಯೂ ಆ ಜನರ ಕಥೆಯನ್ನು ಕೇಳಿ ಬರಲಡ್ಡಿಯಿಲ್ಲ.

ಇಷ್ಟು ತಿಳಿವಳಿಕೆಯ ವಿಷಯವಾಯಿತು. ಈಗ ಸಹಿಯ ವಿಷಯ.

ಮನವಿಗೆ ಸಹಿ ಹಾಕಿದವರು ದುರುಳರಲ್ಲ. ಅವರ ವಾದದಲ್ಲಿ ಶಾಸ್ತ್ರದ ಬಲವೂ ಇದೆ. ಹಿಂಸೆಯನ್ನು ತಾನೇ ಮಾಡುವುದು, ಇತರರಿಂದ ಮಾಡಿಸುವುದು, ಮಾಡಿದ್ದನ್ನು ಅನುಮೋದಿಸುವುದು ಮೂರೂ ಒಂದೇ ಎಂದು ಧರ್ಮ ಹೇಳುತ್ತದೆ. ತಮ್ಮ ಮೈದಾನದಲ್ಲಿ, ತಾವು ಸದಸ್ಯರಾಗಿರುವ ಸಂಘದ ಅನುಮತಿಯಿಂದ ಮಾಂಸ ಬೇಯುವುದು ಅನುಮೋದನೆಯಾಗದೇ ಎಂಬುದು ಅವರ ಪ್ರಶ್ನೆ. ಪ್ರಶ್ನೆ ಗಂಭೀರವಾದುದು, ಅದಕ್ಕೆ ಉತ್ತರ ಸಲ್ಲಬೇಕು.

ಅನುಮೋದನೆ ಎಂದರೆ ಮನಸ್ಸಿನ ಒಪ್ಪಿಗೆ, ಮೆಚ್ಚುಗೆ. ‘ಇದು ನನಗೆ ಆಗದು’ ಎಂದು ಹೇಳಿ ಮುಂದೆ ನಡೆದ ಅಜ್ಜಿ ಅಲ್ಲಿ ಬೆಂದ ಯಾವುದನ್ನೂ ಅನುಮೋದಿಸಲಿಲ್ಲ. ಹತ್ತಿರ ಇರುವುದನ್ನೇ ಅನುಮೋದನೆಯೆಂದು ಗಣಿಸಿದರೆ ನಗರವಾಸಿ ಶ್ರಾವಕನು ರೈಲನ್ನೇರುವಂತಿಲ್ಲ, ಕಚೇರಿಯ ಊಟದ ಕೋಣೆಯಲ್ಲಿ ಕೂರುವಂತಿಲ್ಲ. ತನ್ನ ಮ್ಯೂಚುವಲ್ ಫಂಡಿನಲ್ಲಿ ಮದ್ಯ ತಯಾರಿಸುವ ಕಂಪನಿಯ ಷೇರುಗಳಿವೆಯೇ ಎಂದು ಒಮ್ಮೆಯೂ ವಿಚಾರಿಸದವನು, ಲಾಭಾಂಶವನ್ನು ಸಂತೋಷದಿಂದ ಸ್ವೀಕರಿಸಿದವನು, ವರ್ಷಕ್ಕೊಂದು ಸಂಜೆ ತೆರೆಯುವ ಅಂಗಡಿಯ ವಿಷಯದಲ್ಲಿ ಮಾತ್ರ ಅನುಮೋದನೆಯ ಭಯ ಪಡುತ್ತಾನೆಂದರೆ, ಆ ಭಯದ ಮೂಲ ಬೇರೆಲ್ಲೋ ಇದೆ. ಷೇರನ್ನು ಬಿಡಲು ತನ್ನ ಗಂಟು ಕರಗಬೇಕು. ಅಂಗಡಿಯನ್ನು ತೆಗೆಸಲು ಇನ್ನೊಬ್ಬರ ಗಂಟು ಕರಗಿದರೆ ಸಾಕು. ತ್ಯಾಗ ಎಂಬ ಪದ ಮೊದಲನೆಯದಕ್ಕೆ ಮಾತ್ರ ಒಪ್ಪುತ್ತದೆ.

ಇದೇ ಕೃತ ಕಾರಿತ ಅನುಮೋದನಗಳ ತಕ್ಕಡಿಯಲ್ಲಿ ಆ ಸಹಿಯನ್ನೂ ತೂಗಿ ನೋಡಬೇಕು. ಸಂಘದ ನಿರ್ಣಯದಿಂದ ಒಬ್ಬ ಯುವತಿಯ ಒಂದು ದಿನದ ದುಡಿಮೆ ಹೋಗುತ್ತದೆ. ಗೋವೆಯಿಂದಲೋ ಕೇರಳದಿಂದಲೋ ಬಂದ ನೆರೆಯ ಮನೆಯವರಿಗೆ ತಮ್ಮ ಊಟ ಅಶುಚಿ ಎಂಬ ಮಾತು ಲಿಖಿತವಾಗಿ ತಲುಪುತ್ತದೆ. ಮನಸ್ಸಿಗೂ ಮಾತಿಗೂ ಹಿಂಸೆಯ ಶಕ್ತಿಯಿದೆ ಎಂದು ಬೋಧಿಸುವ ಧರ್ಮದ ಹೆಸರಿನಲ್ಲಿ ಇದು ನಡೆಯುತ್ತದೆ.

ಕಾನೂನು ಅವಕಾಶ ಕೊಡುವುದಿಲ್ಲವೇ ಎಂದು ಕೇಳುವವರುಂಟು. ಪರ್ಯೂಷಣದ ಒಂಬತ್ತು ದಿನಗಳ ಕಾಲ ಕಸಾಯಿಖಾನೆಗಳನ್ನು ಮುಚ್ಚುವ ಅಹಮದಾಬಾದ್ ನಗರಪಾಲಿಕೆಯ ನಿರ್ಣಯವನ್ನು 2008ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿದದ್ದು ನಿಜ. ಅಲ್ಪಾವಧಿಯ ನಿರ್ಬಂಧವು ಅಸಮಂಜಸವಲ್ಲವೆಂದು ಅದು ಕಂಡಿತು. ಆದರೆ 2015ರಲ್ಲಿ ಮುಂಬಯಿಯಲ್ಲಿ ನಡೆದದ್ದನ್ನೂ ನೆನೆಯಬೇಕು. ಪರ್ಯೂಷಣದ ದಿನಗಳಲ್ಲಿ ಮಾಂಸ ಮಾರಾಟವನ್ನು ನಿಷೇಧಿಸಹೊರಟಾಗ ಬಾಂಬೆ ಹೈಕೋರ್ಟು ಅದಕ್ಕೆ ತಡೆ ನೀಡಿತು, ಸುಪ್ರೀಂ ಕೋರ್ಟು ಮಧ್ಯಪ್ರವೇಶಿಸಲಿಲ್ಲ. ಅಷ್ಟರಲ್ಲಿ ರಾಜಕೀಯ ಕಾರ್ಯಕರ್ತರು ಪ್ರತಿಭಟನೆಯೆಂದು ಬೀದಿಯಲ್ಲಿಯೇ ಕೋಳಿಮಾಂಸದ ಮಾರಾಟಕ್ಕಿಳಿದಿದ್ದರು. ಕ್ಷಮೆಯ ಪರ್ವವು ಕಲಹದ ಸುದ್ದಿಯಾಯಿತು. ಆ ಗದ್ದಲದಿಂದ ಒಂದು ಜೀವವಾದರೂ ಉಳಿಯಿತೆಂದು ಹೇಳುವ ಧೈರ್ಯ ಯಾರಿಗಿದೆ? ಬಲವಂತದಿಂದ ಬಂದ ಅಹಿಂಸೆಯು ಬಲವಿರುವಷ್ಟೇ ದಿನ ಬಾಳುತ್ತದೆ.

ಕನ್ನಡ ಜೈನರಿಗೆ ಈ ವಿಷಯದಲ್ಲಿ ಇತರರಿಗಿಲ್ಲದ ಒಂದು ನೆನಪಿದೆ. 2011ರ ಜನಗಣತಿಯಂತೆ ದೇಶದಲ್ಲಿ ಜೈನರು ಸುಮಾರು 44.5 ಲಕ್ಷ, ಜನಸಂಖ್ಯೆಯ ಶೇಕಡ 0.4ಕ್ಕೂ ಕಡಿಮೆ. 2014ರಲ್ಲಿ ರಾಷ್ಟ್ರಮಟ್ಟದಲ್ಲಿ ಅಲ್ಪಸಂಖ್ಯಾತರೆಂಬ ಮಾನ್ಯತೆ ದೊರೆಯಿತು. ಕರ್ನಾಟಕದ ಹೊರಗೆ ಕನ್ನಡ ಶ್ರಾವಕರು ಧರ್ಮದಿಂದಲೂ ಭಾಷೆಯಿಂದಲೂ ಎರಡು ಪಟ್ಟು ಅಲ್ಪಸಂಖ್ಯಾತರು. 1960ರ ದಶಕದ ಕೊನೆಯಲ್ಲಿ ಮುಂಬಯಿಯಲ್ಲಿ ದಕ್ಷಿಣದವರ ವಿರುದ್ಧ ಚಳವಳಿ ಎದ್ದಾಗ ಉಡುಪಿ ಹೋಟೆಲುಗಳು ಅದರ ಗುರಿಯಾಗಿದ್ದವು. ಇಂದು ಆ ನಗರದ ಪ್ರತಿ ಗಲ್ಲಿಯಲ್ಲೂ ಸಿಗುವ ಇಡ್ಲಿ ದೋಸೆಗಳು ಒಂದು ಕಾಲಕ್ಕೆ ಅಲ್ಲಿ ಪರಊರಿನವರ ಅಪರಿಚಿತ ತಿನಿಸಾಗಿದ್ದವು. ‘ಇವರ ಅಂಗಡಿ ಇಲ್ಲಿ ಬೇಡ’ ಎಂಬ ಮಾತನ್ನು ಕೇಳಿಸಿಕೊಂಡ ಜನರ ಮಕ್ಕಳು, ಒಂದು ಆವರಣದೊಳಗೆ ತಮ್ಮ ಸಂಖ್ಯೆ ಹೆಚ್ಚಾದ ಕೂಡಲೇ ಅದೇ ಮಾತನ್ನು ಇನ್ನೊಬ್ಬರಿಗೆ ಹೇಳುವುದು ಮರೆವಿನ ಲಕ್ಷಣ.

ಇದರ ಅರ್ಥ ಶ್ರಾವಕರು ಬಾಯಿ ಮುಚ್ಚಿಕೊಂಡಿರಬೇಕೆಂದಲ್ಲ. ಕೇಳಲು ಹಕ್ಕಿರುವ ಸಂಗತಿಗಳು ಬಹಳ ಇವೆ, ಅವುಗಳನ್ನು ಸಂಘದ ಮುಂದೆ ಗಟ್ಟಿಯಾಗಿಯೇ ಇಡಬೇಕು. ಪ್ರತಿ ಅಂಗಡಿಯೂ ತನ್ನ ತಿನಿಸಿನ ಪದಾರ್ಥಗಳನ್ನು ಮರಾಠಿ, ಹಿಂದಿ, ಇಂಗ್ಲಿಷುಗಳಲ್ಲಿ ಬರೆದು ತೂಗುಹಾಕಲಿ. ಮೊಟ್ಟೆ, ಮೀನಿನ ಸಾರು, ಜೇನು, ಜೆಲಟಿನ್, ಈರುಳ್ಳಿ, ಗಡ್ಡೆಗಳನ್ನು ಅದರಲ್ಲಿ ಹೆಸರಿಸಲಿ. ಅಲರ್ಜಿಯುಳ್ಳ ಮಕ್ಕಳ ತಾಯಂದಿರೂ, ಹಂದಿಯ ಕೊಬ್ಬನ್ನು ವರ್ಜಿಸುವ ಮುಸಲ್ಮಾನ ನೆರೆಹೊರೆಯವರೂ ಈ ಬೇಡಿಕೆಗೆ ಸಂತೋಷದಿಂದ ಜೊತೆಗೂಡುವರು. ಸಸ್ಯಾಹಾರದ ಅಂಗಡಿಗಳ ಸಾಲು ಪ್ರತ್ಯೇಕವಾಗಿರಲಿ, ಅವುಗಳ ಬಾಣಲೆ, ಎಣ್ಣೆ, ಇಕ್ಕಳಗಳು ಬೇರೆಯಾಗಿರಲಿ. ಆವರಣದಲ್ಲಿ ಜಿನಮಂದಿರವಿದ್ದರೆ ಅಂಗಡಿಗಳು ಅದರಿಂದ ದೂರವಿರಲಿ. ಮೇಳವು ಸಂಜೆ ಆರರ ಬದಲು ನಾಲ್ಕಕ್ಕೇ ತೆರೆಯಲಿ. ರಾತ್ರಿ ಭೋಜನವನ್ನು ಬಿಟ್ಟ ಹಿರಿಯರಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ. ಈರುಳ್ಳಿ ಇಲ್ಲದ್ದನ್ನೇ ‘ಜೈನ್’ ಎಂದು ಕರೆದು ರಾತ್ರಿ ಹತ್ತಕ್ಕೆ ಪಿಜ್ಜಾ ತಿನ್ನುವ ಅಭ್ಯಾಸದ ಬಗೆಗೂ ಈ ನೆಪದಲ್ಲಿ ಮನೆಗಳೊಳಗೆ ಮಾತು ನಡೆಯಲಿ.

ಮೇಳ ಮುಗಿದ ಮರುದಿನ ಮೈದಾನದಲ್ಲಿ ಉಳಿದಿದ್ದ ಪ್ಲಾಸ್ಟಿಕ್ ತಟ್ಟೆಗಳ ರಾಶಿಯನ್ನೂ, ಅರ್ಧ ತಿಂದು ಎಸೆದ ಅನ್ನಕ್ಕೆ ಮುತ್ತಿದ್ದ ಇರುವೆಗಳನ್ನೂ ಕುರಿತು ಆ ಮನವಿಯಲ್ಲಿ ಒಂದು ಸಾಲೂ ಇರಲಿಲ್ಲ. ಆ ರಾಶಿಯನ್ನು ಬರಿಗೈಯಲ್ಲಿ ಬಾಚಿದ ಕಾರ್ಮಿಕರ ಬಗೆಗೂ ಇರಲಿಲ್ಲ. ತಟ್ಟೆಯಲ್ಲಿ ಅನ್ನ ಬಿಡಬಾರದೆಂಬುದು ಜೈನ ಮನೆಗಳ ಹಳೆಯ ಪಾಠ. ಆ ಪಾಠವನ್ನು ಮೇಳಕ್ಕೆ ಕೊಟ್ಟರೆ ಅದು ಎಲ್ಲ ಧರ್ಮದವರಿಗೂ ಒಪ್ಪಿಗೆಯಾಗುವ ಅಹಿಂಸೆ.

ಮನವಿಯ ಕಾಗದವನ್ನು ತಂದೆ ಊಟದ ಮೇಜಿನ ಮೇಲಿಟ್ಟಾಗ ಅಜ್ಜಿ ಕೇಳುವುದು ಒಂದೇ ಪ್ರಶ್ನೆ: “ಆ ಹುಡುಗಿಯ ಅಂಗಡಿಯೂ ಹೋಗುತ್ತದೇನು?” ಹೌದೆನ್ನುತ್ತಾನೆ ಮಗ. “ತಿನ್ನಬೇಡಿ ಎಂದು ಹೇಳಿದವಳು ಅವಳೇ ಅಲ್ಲವೇ?”

ಮಗನ ಬಳಿ ಉತ್ತರವಿಲ್ಲ. ಆ ಯುವತಿ ಬಯಸಿದ್ದರೆ ಎಂಟು ತಕೊಯಾಕಿಗಳ ತಟ್ಟೆಯೊಂದನ್ನು ಮಾರಿ ಹಣ ಎಣಿಸಿಕೊಳ್ಳಬಹುದಿತ್ತು; ಮನೆಯವರಿಗೆ ಗೊತ್ತೂ ಆಗುತ್ತಿರಲಿಲ್ಲ. ಅವಳು ತನ್ನ ವ್ಯಾಪಾರವನ್ನು ಬಿಟ್ಟು ಇನ್ನೊಬ್ಬರ ವ್ರತವನ್ನು ಕಾಯ್ದಳು. ಅಂದು ಆ ಮೈದಾನದಲ್ಲಿ ಸತ್ಯವೂ ಅಚೌರ್ಯವೂ ಅವಳ ಅಂಗಡಿಯಲ್ಲಿದ್ದವು. ಅದನ್ನು ಗುರುತಿಸಲಾಗದ ಕಣ್ಣು ಪದಾರ್ಥಗಳ ಪಟ್ಟಿಯನ್ನು ಎಷ್ಟು ಚೆನ್ನಾಗಿ ಓದಿದರೂ ಪ್ರಯೋಜನ ಕಡಿಮೆ.

ಮುಂದಿನ ಮೇ 1ಕ್ಕೆ ಇನ್ನೂ ಸಮಯವಿದೆ. ಕಾಗದವನ್ನು ಹಿಂತಿರುಗಿಸಿ, ಅದರ ಬದಲು ಒಂದು ಅಂಗಡಿಗೆ ಅರ್ಜಿ ಕೊಡುವ ದಾರಿ ಆ ಕುಟುಂಬಕ್ಕೆ ತೆರೆದೇ ಇದೆ. ಬೆಳಗಾವಿಯ ಪಡ್ಡು, ಈರುಳ್ಳಿಯಿಲ್ಲದ್ದು, ಜೊತೆಗೆ ಕಾಯಿಚಟ್ನಿ. ಪದಾರ್ಥಗಳನ್ನೆಲ್ಲ ಬರೆದ ಫಲಕ. ನಾಲ್ಕಕ್ಕೆ ತೆರೆದು ಸೂರ್ಯಾಸ್ತಕ್ಕೆ ಮುಚ್ಚುವ ವೇಳೆ. ಪಕ್ಕದಲ್ಲಿ ಅದೇ ಬಗೆಯ ಗುಳಿಗಳ ಇನ್ನೊಂದು ಕಾವಲಿಯೂ ಕಾಯುತ್ತಿರಲಿ, ಅದಕ್ಕೂ ಅದರದೇ ಫಲಕವಿರಲಿ. ಎರಡನ್ನೂ ಓದಿ ಆರಿಸಿಕೊಳ್ಳಬಲ್ಲ ಮಕ್ಕಳನ್ನು ಬೆಳೆಸಿದರೆ ಸಮಾಜಕ್ಕೆ ಇಂತಹ ಮನವಿಗಳ ಅಗತ್ಯ ಬೀಳದು.